ಬುಗುರಿ ಮೇಷ್ಟ್ರ ಇಂಟಿಗ್ರೇಷನ್

ಆ ಮೇಷ್ಟ್ರು ಕುಳಿತಲ್ಲಿ ಕುಳಿತದ್ದನ್ನು ಕಂಡವರು ಕಡಿಮೆ. ಊಟಕ್ಕೆ ಕುಳಿತರೂ ಒಂದು ಮೊಣಕಾಲು ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತಿತ್ತು. ಫೋನು ಬಂದರೆ ಮಾತು ಮುಗಿಯುವಷ್ಟರಲ್ಲಿ ಬೀದಿಯ ತುದಿ ಮುಟ್ಟಿರುತ್ತಿದ್ದರು. ಇನ್ನು ಪಾಠ ಮಾಡುವಾಗಲಂತೂ ಕೇಳಲೇ ಬೇಡಿ, ಬೋರ್ಡಿನ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಕೊನೆಯ ಬೆಂಚಿಗೆ. ಯಾವುದೋ ಶಾಲೆಯ ಮಕ್ಕಳು ಬುಗುರಿ ಮೇಷ್ಟ್ರು ಎಂದು ಹೆಸರಿಟ್ಟರು. ಮೇಷ್ಟ್ರು ಆ ಊರು ಬಿಟ್ಟರು, ಹೆಸರು ಅವರನ್ನು ಬಿಡಲಿಲ್ಲ. ಹೊಸ ಊರಿನ ಮಕ್ಕಳು ಹಳೆಯ ಊರಿನವರ ಮುಖವನ್ನೇ ನೋಡಿದವರಲ್ಲ, ಆದರೂ ವಾರ ಕಳೆಯುವುದರೊಳಗೆ ತಾವಾಗಿಯೇ ಅದೇ ಹೆಸರಿಗೆ ಬಂದು ಸೇರುತ್ತಿದ್ದರು.

ಕೆಲಸದ ಕಥೆಯೂ ಹಾಗೆಯೇ. ಒಂದು ಶಾಲೆ ಬಿಟ್ಟದ್ದು ಹೆಡ್‌ಮಾಸ್ತರರ ಗಂಟಲು ಕರ್ಕಶ ಎಂದು. ಇನ್ನೊಂದು ಬಿಟ್ಟದ್ದು ಸ್ಟಾಫ್ ರೂಮಿಗೆ ಕಿಟಕಿಯಿಲ್ಲ ಎಂದು. ಮತ್ತೊಂದನ್ನು ಯಾಕೆ ಬಿಟ್ಟರೆಂದು ಕೇಳಿದರೆ ಅವರಿಗೇ ಸರಿಯಾಗಿ ನೆನಪಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಗೊತ್ತಿಲ್ಲದವರೇನಲ್ಲ. ಹತ್ತಿರ ಹೋದಾಗ ಕಲ್ಲುಮುಳ್ಳು ಕಂಡರೆ, ಅದರ ಪಕ್ಕದ ಬೆಟ್ಟ ನುಣ್ಣಗೆ ಕಾಣುತ್ತಿತ್ತು, ಅಷ್ಟೇ.

ಹೀಗಿದ್ದ ಮನುಷ್ಯನಿಗೆ ಗಣಿತದಲ್ಲಿ ಅನುಕಲನವೇ ಪ್ರಾಣ ಎಂದರೆ ಆಶ್ಚರ್ಯವಿಲ್ಲ. ಮಕ್ಕಳ ಬಾಯಲ್ಲಿ ಅದು ಇಂಟಿಗ್ರೇಷನ್. "ಅವಕಲನ, ಅದೇ ಡಿಫರೆನ್ಸಿಯೇಷನ್, ಅಂದ್ರೆ ಇಳಿಜಾರು ಕಣ್ರೋ, ಕಣ್ಣು ಮುಚ್ಚಿಕೊಂಡು ಇಳೀಬಹುದು. ಇಂಟಿಗ್ರೇಷನ್ ಹತ್ತೋ ಕೆಲಸ. ದಾರಿ ನೀವೇ ಹುಡುಕ್ಬೇಕು" ಎಂದು ಅವರು ಎಲ್ಲ ಊರಿನಲ್ಲೂ ಶುರು ಮಾಡುತ್ತಿದ್ದರು. ಒಂದು ಚರಾಕ್ಷರದ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡು, ಆಗಲಿಲ್ಲವೇ, ಭಿನ್ನರಾಶಿಯನ್ನು ತುಂಡು ಮಾಡು, ಅದೂ ಆಗಲಿಲ್ಲವೇ, ಮತ್ತೊಂದು ದಾರಿ ಹಿಡಿ. ದಾರಿ ಬದಲಿಸಿದರೆ ಬೈಯುವವರೇ ಇಲ್ಲದ ಲೋಕ ಅದು. ಒಂದೇ ಒಂದು ಕಡೆ ಮಾತ್ರ ಹಾಗೆ ಮಾಡುವಂತಿಲ್ಲ, ಆ ಕಡೆಗೆ ಆಮೇಲೆ ಬರೋಣ.

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದೇ ಹೆಚ್ಚು. ಹೊಸ ಬೀದಿಯಲ್ಲಿ ನಾಲ್ಕು ಜನಕ್ಕೆ ಅವಳ ಕೈ ಗುರುತಾಗಿ, ಗಿರಾಕಿಗಳು ತಾವಾಗಿಯೇ ಬಾಗಿಲು ತಟ್ಟತೊಡಗಿದರು ಎನ್ನುವಾಗ ಮೇಷ್ಟ್ರು ಒಂದು ಸಂಜೆ ಉತ್ಸಾಹದಿಂದ ಒಳಗೆ ಬಂದು, "ಒಂದು ಒಳ್ಳೇ ಸುದ್ದಿ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಬೀರುವಿನ ಕಡೆಗೆ. ಸಾಮಾನು ತುಂಬುವ ರಟ್ಟಿನ ಪೆಟ್ಟಿಗೆಗಳನ್ನು ಅವಳು ಎಸೆಯುವುದನ್ನೇ ಬಿಟ್ಟಿದ್ದಳು. ಮಡಿಸಿ, ದಾರ ಕಟ್ಟಿ ಬೀರುವಿನ ಹಿಂದೆ ನಿಲ್ಲಿಸಿರುತ್ತಿದ್ದಳು.

ಮಗಳು ಈಗ ಶಾಲೆಯ ಕೊನೆಯ ತರಗತಿ, ಹನ್ನೆರಡನೆಯದು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ, ಆದರೆ ಮಾತಿನಲ್ಲಿ ಅಜ್ಜಿ.

"ಅಪ್ಪ, ನನ್ನ ಬೆಂಚಲ್ಲಿ ಕೂರೋಳ ಜೊತೆ ಜಗಳ ಆಡಿ ರಾಜಿ ಆಗೋಷ್ಟು ದಿನಾನೂ ನಾನು ಯಾವ ಶಾಲೇಲೂ ಇರ್ಲಿಲ್ಲ" ಎಂದಳು ಒಂದು ದಿನ. "ಇದೊಂದು ವರ್ಷ. ಇಲ್ಲೇ ಪರೀಕ್ಷೆ ಬರೀತೀನಿ. ನಡುವೆ ಮಾತ್ರ ಇಲ್ಲಿಂದ ಎಬ್ಬಿಸ್ಬೇಡ."

ಮೇಷ್ಟ್ರಿಗೆ ಚುರುಕ್ಕೆಂದಿತು. ಆದರೆ ಆ ಹೊತ್ತಿಗಾಗಲೇ ಅವರು ಈ ಊರಿಗೆ ಕರೆತಂದ ಕೆಲಸವನ್ನೂ ಬಿಟ್ಟು, ಮನೆಮನೆಗೆ ಹೋಗಿ ಪಾಠ ಹೇಳುತ್ತಿದ್ದರು. ಹೆಂಡತಿಯ ಅಣ್ಣ ತನ್ನ ಊರಿನ ಕೋಚಿಂಗ್ ಸೆಂಟರಿಗೆ ಬಾ ಬಾ ಎಂದು ಕರೆಯುತ್ತಿದ್ದ. ಅಷ್ಟರಲ್ಲಿ ಪುಟ್ಟಿಯ ಶಾಲೆಯಲ್ಲೇ ಗಣಿತದ ಟೀಚರೊಬ್ಬರು ನಿವೃತ್ತರಾದರು. ಮೇಷ್ಟ್ರು ಅರ್ಜಿ ಹಾಕಿದರು.

"ಇಲ್ಲಿ ಸಿಕ್ಕಿದ್ರೆ ಇಲ್ಲೇ ಇರೋಣ. ಸಿಗದಿದ್ರೆ ಭಾವನ ಊರಿಗೆ. ಸರೀನಾ?" ಎಂದರು.

"ಅಂದ್ರೆ ನಾವು ಇರೋದೂ ಹೋಗೋದೂ ಆ ಪ್ರಿನ್ಸಿಪಾಲ್ ಕೈಯಲ್ಲಿ ಅಂತಾಯ್ತು" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಆಯ್ಕೆಗೆ ಮುಂಚೆ ಒಂದು ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಯಾವ ತರಗತಿಗೆ ಎಂದು ನೋಡಿದರೆ ಪುಟ್ಟಿಯದೇ! ಹಿಂದಿನ ಸಂಜೆ ಅವಳು ಅಪ್ಪನನ್ನು ಅಡುಗೆಮನೆಯ ಮೂಲೆಗೆ ಕರೆದು ಷರತ್ತು ಹಾಕಿದಳು. "ನನ್ನ ಕಡೆ ನೋಡ್ಬೇಡ. ನಾನೂ ನಿನ್ನನ್ನ ಅಪ್ಪ ಅನ್ನಲ್ಲ. ಮತ್ತೆ ದಯವಿಟ್ಟು ತಿರುಗ್ಬೇಡ, ಒಂದು ಕಡೆ ನಿಂತು ಪಾಠ ಮಾಡು."

"ನಿಲ್ತೀನಿ" ಎಂದರು ಮೇಷ್ಟ್ರು. ಹೇಳುವಾಗಲೇ ಕಿಟಕಿಯವರೆಗೆ ಹೋಗಿ ಬಂದಿದ್ದರು.

ಕೊನೆಯ ಬೆಂಚಿನಲ್ಲಿ ಪ್ರಿನ್ಸಿಪಾಲ್ ಮೇಡಂ ಮತ್ತು ಹೊರಗಿನಿಂದ ಬಂದ ಒಬ್ಬ ಹಳೆಯ ಪ್ರೊಫೆಸರು ಕುಳಿತರು. ಮಕ್ಕಳ ಬೆಂಚು ತಗ್ಗಾಗಿದ್ದರಿಂದ ಪ್ರೊಫೆಸರ ಮೊಣಕಾಲು ಎದೆಗೆ ಬಂದಿತ್ತು. ಮೇಷ್ಟ್ರು ಆರಿಸಿಕೊಂಡದ್ದು ಭಾಗಶಃ ಅನುಕಲನ, ಮಕ್ಕಳು ಬೈ ಪಾರ್ಟ್ಸ್ ಎನ್ನುವುದು.

"ಎರಡು ಫಂಕ್ಷನ್‌ಗಳು ಗುಣಿಸಿಕೊಂಡು ಬಂದಿವೆ. ಒಟ್ಟಿಗೆ ಬಗೆಹರಿಯಲ್ಲ. ಆಗ ಒಂದನ್ನ ಅವಕಲಿಸೋಕೆ ಇಟ್ಕೋತೀವಿ, ಇನ್ನೊಂದನ್ನ ಅನುಕಲಿಸೋಕೆ ಇಟ್ಕೋತೀವಿ. ಯಾವುದು ಯಾವುದಕ್ಕೆ ಅಂತ ಆರಿಸೋದ್ರಲ್ಲೇ ಜಾಣತನ ಇರೋದು." ಮಕ್ಕಳ ಕತ್ತು ಮೇಲೆ ಬಂತು. ಒಂದೆರಡು ಸುಲಭದ ಲೆಕ್ಕ ಮಾಡಿ, ತಮಗೆ ಬಹಳ ಇಷ್ಟದ ಒಂದನ್ನು ಬೋರ್ಡಿನ ಮೇಲೆ ಬರೆದರು. eˣ ಮತ್ತು sin x ಗುಣಿಸಿಕೊಂಡದ್ದು. ಅದಕ್ಕೆ I ಎಂದು ಹೆಸರಿಟ್ಟರು.

ಈ ಲೆಕ್ಕದ ಸ್ವಭಾವವೇ ವಿಚಿತ್ರ. ಒಂದು ಸಲ ಬೈ ಪಾರ್ಟ್ಸ್ ಮಾಡಿದರೆ ಮುಗಿಯುವುದಿಲ್ಲ, sin ಹೋಗಿ cos ಬಂದು ಕುಳಿತುಕೊಳ್ಳುತ್ತದೆ, ಮೊದಲಿನಷ್ಟೇ ಕಷ್ಟ. ಇನ್ನೊಂದು ಸಲ ಮಾಡಬೇಕು. ಆಗ ಮೂಲ ಲೆಕ್ಕವೇ, ಆ I ಯೇ, ಬಲಗಡೆಯಲ್ಲಿ ಮತ್ತೆ ಹುಟ್ಟುತ್ತದೆ, ಆದರೆ ಋಣ ಚಿಹ್ನೆಯೊಂದಿಗೆ. ಅದನ್ನು ಎಡಕ್ಕೆ ತಂದು ಕೂಡಿಸಿದರೆ ಉತ್ತರ ಕೈಗೆ ಬಂತು. ಇಲ್ಲಿ ಒಂದೇ ಒಂದು ಕಟ್ಟುಪಾಡು: ಮೊದಲನೇ ಸಲ ಯಾವುದನ್ನು ಅವಕಲಿಸಲು ಆರಿಸಿಕೊಂಡಿರೋ ಎರಡನೇ ಸಲವೂ ಆ ಜಾತಿಯದನ್ನೇ ಆರಿಸಬೇಕು. ನಡುವೆ ಬದಲಿಸಿದಿರೋ, ಕೆಟ್ಟಿರಿ. ದಾರಿ ಬದಲಿಸುವಂತಿಲ್ಲದ ಕಡೆ ಎಂದೆನಲ್ಲ, ಅದು ಇದೇ.

ಮೇಷ್ಟ್ರು sin x ಅನ್ನು ಅವಕಲಿಸಿ, eˣ ಅನ್ನು ಅನುಕಲಿಸಿ ಮೊದಲ ಹೆಜ್ಜೆ ಮುಗಿಸಿದರು. ಆಗ ಹಿಂದಿನಿಂದ ಪ್ರೊಫೆಸರು ಕೈಯೆತ್ತಿದರು. "ಅಲ್ಲ ಮೇಷ್ಟ್ರೇ, ಆ ಇನ್ನೊಂದನ್ನ ಅವಕಲಿಸೋಕೆ ತಗೊಂಡ್ರೆ ಆಗಲ್ವಾ?"

"ಯಾಕಾಗಲ್ಲ ಸರ್, ಧಾರಾಳವಾಗಿ ಆಗತ್ತೆ!"

ಮಾತು ಸರಿಯೇ. ಮೊದಲಿನಿಂದ ಹಾಗೆ ಹಿಡಿದಿದ್ದರೆ ಆಗುತ್ತಿತ್ತು. ಆದರೆ ಹೊಸ ದಾರಿ ಎಂದ ಕೂಡಲೇ ಮೇಷ್ಟ್ರ ಕಾಲು ನೆಲದ ಮೇಲೆ ನಿಂತೀತೇ? ಬೋರ್ಡಿನ ಆ ತುದಿಗೆ ಹಾರಿ, ಎರಡನೇ ಹೆಜ್ಜೆಯಲ್ಲೇ ಆಯ್ಕೆ ಅದಲುಬದಲು ಮಾಡಿ eˣ ಅನ್ನು ಅವಕಲಿಸಿ, cos x ಅನ್ನು ಅನುಕಲಿಸಿದರು. ಸೀಮೆಸುಣ್ಣ ಕುಣಿಯುತ್ತಾ ಹೋಯಿತು. ಒಂದು ಪದ ಬಂತು, ಅದನ್ನೇ ಕಳೆಯುವ ಇನ್ನೊಂದು ಪದ ಬಂತು, ಎರಡೂ ಹೊಡೆದುಹೋದವು. ಕೊನೆಯ ಸಾಲಿನಲ್ಲಿ ಉಳಿದದ್ದು ಇಷ್ಟೇ:

I = I

ತರಗತಿ ಗೊಳ್ಳೆಂದಿತು. ಯಾರೋ ಒಬ್ಬ, "ಸರ್, ಇದು ನಮಗೆ ಮೊದಲೇ ಗೊತ್ತಿತ್ತು" ಎಂದ. ಪ್ರಿನ್ಸಿಪಾಲ್ ಮೇಡಂ ತಲೆ ತಗ್ಗಿಸಿ ಏನನ್ನೋ ಬರೆದುಕೊಂಡರು.

ಮೇಷ್ಟ್ರು ಬೋರ್ಡು ನೋಡಿದರು. ಎಷ್ಟು ಊರುಗಳಲ್ಲಿ, ಎಷ್ಟು ಮಕ್ಕಳಿಗೆ, ಇಲ್ಲೇ ಕಾಲು ಜಾರುತ್ತೆ ಜೋಪಾನ ಎಂದು ಹೇಳಿಕೊಂಡು ಬಂದ ಜಾಗವಿದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಡಸ್ಟರು ಮೇಜಿನ ಮೇಲೆ ಕೈಗೆಟುಕುವಂತೆ ಇತ್ತು, ಎತ್ತಿಕೊಂಡರು. ಮೇಜಿನಾಚೆ ಬಾಗಿಲು ತೆರೆದಿತ್ತು. ಬಾಗಿಲಿನಾಚೆ ಖಾಲಿ ಕಾರಿಡಾರು, ಮೆಟ್ಟಿಲು, ಗೇಟು, ಬಸ್ಸು. ಮೈ ಸರಿಯಿಲ್ಲ ಎಂದು ಹೇಳಿ ಹೊರಟುಬಿಟ್ಟರೆ ಸಂಜೆಯೊಳಗೆ ಭಾವನಿಗೆ ಫೋನು ಮಾಡಬಹುದು. ಅವಮಾನ ಆದ ಊರಿನಲ್ಲಿ ಅವರು ಎರಡು ಸಂಬಳ ಎಣಿಸಿದವರಲ್ಲ.

ಷರತ್ತು ಮುರಿದು ಅವರು ಮಗಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿಕೊಂಡಿದ್ದಳು. ಕಿವಿ ಕೆಂಪಾಗಿತ್ತು. ಅಪ್ಪ ಈಗ ಏನು ಮಾಡುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ನೋಡುವುದು ಅವಳಿಗೆ ಬೇಡವಾಗಿತ್ತು. ಆ ತಗ್ಗಿದ ತಲೆ ನೋಡಿ ಮೇಷ್ಟ್ರಿಗೆ ನಾಚಿಕೆಯಾಯಿತು. ತಪ್ಪು ಲೆಕ್ಕಕ್ಕೆ ಆದದ್ದಕ್ಕಿಂತ ಹೆಚ್ಚಿನ ನಾಚಿಕೆ.

ಎತ್ತಿಕೊಂಡ ಡಸ್ಟರನ್ನು ಅವರು ಮೇಜಿನ ಮೇಲಿಟ್ಟರು.

"ತಪ್ಪಾಗಿದೆ" ಎಂದರು. "ಅಳಿಸಲ್ಲ. ಎಲ್ಲಿ ತಪ್ಪಿದೆ, ಯಾರು ಹೇಳ್ತೀರಿ?"

ಒಂದು ಬೆಂಚು ಕಿರ್ರೆಂದಿತು, ಪುಟ್ಟಿ ಎದ್ದು ನಿಂತಳು.

"ಸರ್, ಎರಡನೇ ಸಲ ನೀವು ಬದಲಾಯಿಸಿದ್ರಿ. ಮೊದಲನೇ ಹೆಜ್ಜೇಲಿ ಮಾಡಿದ್ದನ್ನೆಲ್ಲ ಎರಡನೇ ಹೆಜ್ಜೇಲಿ ಬಿಚ್ಚಿ ಹಾಕಿದ್ರಿ. ಅದಕ್ಕೇ ಹೊರಟಲ್ಲಿಗೇ ವಾಪಸ್ ಬಂದಿದೀವಿ."

"ಹಾಗಾದ್ರೆ ಏನು ಮಾಡ್ಬೇಕಿತ್ತು?"

"ಮೊದಲು ಹಿಡಿದಿದ್ದನ್ನೇ ಹಿಡೀಬೇಕಿತ್ತು, ಸರ್. ನಡುವೆ ಚೆನ್ನಾಗಿ ಕಾಣಲ್ಲ, ಮೈನಸ್ಸು ಬರತ್ತೆ, ಉದ್ದ ಆಗತ್ತೆ. ಆದ್ರೂ ಬಿಡಬಾರದು." ಹೇಳಿ ಮುಗಿಸಿ ಕುಳಿತುಕೊಂಡಳು.

ಮೇಷ್ಟ್ರು ತಪ್ಪು ಸಾಲುಗಳ ಕೆಳಗೆ ಮತ್ತೆ ಬರೆಯತೊಡಗಿದರು. ಈ ಸಲ ಎಲ್ಲಿಗೂ ಹೋಗಲಿಲ್ಲ. ಒಂದೇ ಕಡೆ ನಿಂತು, ಹಿಡಿದ sin ಜಾತಿಯನ್ನೇ ಹಿಡಿದು cos x ಅನ್ನು ಅವಕಲಿಸಿದರು. ಬಲಗಡೆ ಋಣ ಚಿಹ್ನೆಯ I ಬಂತು, ಎಡಕ್ಕೆ ತಂದರು, 2I ಆಯಿತು, ಅರ್ಧ ಮಾಡಿದರು. ಕೊನೆಗೆ ಸ್ಥಿರಾಂಕ ಸೇರಿಸಲೂ ಮರೆಯಲಿಲ್ಲ. ಗಂಟೆ ಹೊಡೆಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರೊಫೆಸರು, "ಅಳಿಸದೆ ಬಿಟ್ರಲ್ಲ, ಅದು ನನಗೆ ಹಿಡಿಸ್ತು. ನನ್ನ ಮಾತು ಕೇಳಿ ನೀವು ಹಳ್ಳಕ್ಕೆ ಬಿದ್ರಿ" ಎಂದು ನಕ್ಕರು. ಮೇಷ್ಟ್ರಿಗೆ ಆಸೆ ಚಿಗುರಿತು. ಪ್ರಿನ್ಸಿಪಾಲ್ ಮೇಡಂ ನಗಲಿಲ್ಲ.

"ಪಾಠ ಚೆನ್ನಾಗಿತ್ತು. ತಪ್ಪು ನನಗೆ ದೊಡ್ಡದಲ್ಲ. ಆದ್ರೆ ನೀವು ಕೆಲಸ ಮಾಡಿದ ಶಾಲೆಗಳ ಪಟ್ಟಿ ಓದಿ ಮುಗಿಸೋ ಹೊತ್ತಿಗೆ ನನ್ನ ಕಾಫಿ ಆರಿ ಹೋಯ್ತು. ನಾಳೆ ಈ ಮಕ್ಕಳನ್ನ ನಡುನೀರಲ್ಲಿ ಬಿಟ್ಟು ಹೋಗಲ್ಲ ಅಂತ ನಾನು ಯಾವ ಧೈರ್ಯದ ಮೇಲೆ ನಂಬಲಿ?"

ಕೆಲಸ ಆ ದಿನವೇ ಇನ್ನೊಬ್ಬರಿಗೆ ಹೋಯಿತು.

ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿನಿಂದಲೇ ಹೆಂಡತಿಗೆ ಗೊತ್ತಾಗಿತ್ತು. ಮೇಷ್ಟ್ರು ಒಳಗೆ ಬರುವಷ್ಟರಲ್ಲಿ ಅವಳು ಬೀರುವಿನ ಹಿಂದಿನಿಂದ ಪೆಟ್ಟಿಗೆಗಳನ್ನು ಎಳೆದು ದಾರ ಬಿಚ್ಚುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಪುಟ್ಟಿ ಒಳಕೋಣೆಯಲ್ಲಿದ್ದಳು, ಬಾಗಿಲು ಅರ್ಧ ಮುಚ್ಚಿತ್ತು.

ಭಾವನ ಫೋನು ಬಂತು.

"ಏನಾಯ್ತಪ್ಪಾ? ಆಗಿಲ್ಲ ತಾನೇ? ಹೋಗ್ಲಿ ಬಿಡು. ಇಲ್ಲಿ ಸೋಮವಾರದಿಂದ ಹೊಸ ಬ್ಯಾಚು. ಮನೆಯೂ ನೋಡಿಟ್ಟಿದೀನಿ, ದೊಡ್ಡ ದೊಡ್ಡ ಕಿಟಕಿ, ನಿನಗೆ ಇಷ್ಟ ಆಗತ್ತೆ."

ಕಿಟಕಿ ಎಂದೊಡನೆ ಆ ಮನೆ, ಆ ಬೀದಿ, ಇವರನ್ನು ಅರಿಯದ ಆ ಹೊಸ ಮುಖಗಳು ಎಲ್ಲ ನುಣ್ಣಗೆ ಕಣ್ಣೆದುರು ಬಂದವು. ಅಭ್ಯಾಸಬಲದಿಂದ ಮೇಷ್ಟ್ರು ಫೋನು ಹಿಡಿದೇ ಬಾಗಿಲಿಗೆ ಬಂದಿದ್ದರು, ಒಂದು ಪಾದ ಚಪ್ಪಲಿಯೊಳಗೆ ಹೋಗಿತ್ತು. ಒಳಗೆ ರಟ್ಟು ಬಿಡಿಸುವ ಸದ್ದು. ಇಲ್ಲಿ ಕೈಯಲ್ಲಿ ಕೆಲಸವಿಲ್ಲ, ಮನೆಪಾಠ ನಾಲ್ಕೇ ನಾಲ್ಕು, ಬೀದಿಗಿಳಿದರೆ ಶಾಲೆಯ ಮಕ್ಕಳು ನಗುತ್ತಾರೆ. ಚೆನ್ನಾಗಿ ಕಾಣುವುದಿಲ್ಲ. ಉದ್ದ ಆಗುತ್ತದೆ.

ಅವರು ಪಾದವನ್ನು ಚಪ್ಪಲಿಯಿಂದ ಹೊರಗೆಳೆದರು.

"ಭಾವ, ನಾವು ಬರಲ್ಲ."

"ಅಂದ್ರೆ? ಅಲ್ಲೇ ಕೆಲಸ ಆಯ್ತಾ?"

"ಇಲ್ಲ. ಕೆಲಸ ಸಿಗಲಿಲ್ಲ."

"ಮತ್ತೆ ಅಲ್ಲಿ ಇದ್ದು ಏನು ಮಾಡ್ತೀಯೋ ಮಾರಾಯ?"

"ಇರ್ತೀನಿ ಭಾವ. ಪುಟ್ಟಿ ಪರೀಕ್ಷೆ ಇಲ್ಲೇ ಬರೀತಾಳೆ. ಇವಳ ಗಿರಾಕಿಗಳೂ ಇಲ್ಲೇ ಇದಾರೆ. ಪಾಠಕ್ಕೆ ಇನ್ನೂ ಎರಡು ಮನೆ ಹುಡುಕ್ತೀನಿ. ನಾವು ಬರಲ್ಲ."

ರಟ್ಟಿನ ಸದ್ದು ನಿಂತಿತು. ಅರ್ಧ ಮುಚ್ಚಿದ್ದ ಬಾಗಿಲು ತೆರೆಯಿತು. ಫೋನು ಇಟ್ಟ ಮೇಲೆ ಮೇಷ್ಟ್ರಿಗೆ ಏನು ಹೇಳಿಬಿಟ್ಟೆನೋ ಎಂದು ದಿಗಿಲಾಯಿತು. ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹೊಲಿಗೆ ಯಂತ್ರದವರೆಗೆ, ಅಲ್ಲಿಂದ ಮತ್ತೆ ಬಾಗಿಲಿಗೆ ತಿರುಗತೊಡಗಿದರು.

"ಒಂದು ಕಡೆ ಕೂತ್ಕೊಳ್ರೀ, ನೋಡಿ ನೋಡಿ ನನಗೆ ತಲೆ ಸುತ್ತತ್ತೆ" ಎಂದಳು ಹೆಂಡತಿ. ಅವಳ ಕಣ್ಣು ಒದ್ದೆಯಾಗಿತ್ತು, ಕೈ ಮಾತ್ರ ಪೆಟ್ಟಿಗೆಯನ್ನು ಮತ್ತೆ ಮಡಿಸುತ್ತಿತ್ತು.

"ಓಡಾಡ್ಲಿ ಬಿಡಮ್ಮ" ಎಂದಳು ಪುಟ್ಟಿ. "ಮನೆಯೊಳಗೇ ತಾನೇ?"