ನಾನು ಬಚ್ಚಿಟ್ಟುಕೊಂಡ ಹೆಸರು

ಕಿರಾಣಿ ಸಾಮಾನನ್ನೆಲ್ಲ ರದ್ದಿ ಕಾಗದದಲ್ಲೇ ಕಟ್ಟಿಕೊಡುತ್ತಿದ್ದ ದಿನಗಳವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸವಣೂರಿನಲ್ಲಿ ಅಪ್ಪನದೊಂದು ಸಣ್ಣ ಅಂಗಡಿ. ಬೆಲ್ಲ, ಒಣಮೆಣಸಿನಕಾಯಿ, ಸೀಮೆಎಣ್ಣೆಯ ವಾಸನೆ ನಮ್ಮ ಬಟ್ಟೆಗೂ ಹತ್ತಿರುತ್ತಿತ್ತು. ಬೇಸಿಗೆ ರಜೆಯಲ್ಲಿ ರದ್ದಿ ಹರಿದು ಪೊಟ್ಟಣ ಮಾಡುವುದು ನನ್ನ ಕೆಲಸ. ತಮ್ಮ ಈರ್ಯಾನಿಗೆ ಯಾವ ಕೆಲಸವೂ ಇಲ್ಲ, ಅವನು ಗಂಡುಮಗ. ಅವನ ರೊಟ್ಟಿಗೆ ಬೆಣ್ಣೆ, ನನ್ನ ರೊಟ್ಟಿಗೆ ಶೇಂಗಾ ಹಿಂಡಿ, ಅದೇ ಒಣ ಚಟ್ನಿಪುಡಿ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ, ಆ ಬೆಣ್ಣೆ ನೆನಪಾದರೆ ಈಗಲೂ ಉರಿಯುತ್ತದೆ.

ಒಂದು ದಿನ ರದ್ದಿಯಲ್ಲಿ ಇಂಗ್ಲಿಷ್ ಹಾಳೆಯೊಂದು ಸಿಕ್ಕಿತು. ಬಿಲ್ಲು ಹಿಡಿದ, ಚೂಪು ಕಿವಿಯ ಗಂಡಸಿನ ಚಿತ್ರ. ಕೆಳಗೆ ಹೆಸರುಗಳ ಸಾಲು. ಚಹಾಪುಡಿಗೆ ಬಂದಿದ್ದ ಹೈಸ್ಕೂಲ್ ಮಾಸ್ತರರಿಗೆ ತೋರಿಸಿದೆ.

"ಇವ್ರಿಗೆ ಎಲ್ಫ್ ಅಂತಾರವಾ. ಕತಿಯೊಳಗ ಕಾಡಿನಾಗ ಇರೋ ಮಂದಿ. ಇವು ಅವರಿಗೆ ಒಪ್ಪೋ ಹೆಸರು, ವೇಲ್ಸ್, ಐರ್ಲೆಂಡ್ ಕಡೀವು. ಬ್ರಿನ್ ಅಂದ್ರ ಗುಡ್ಡ. ಐದನ್ ಅಂದ್ರ ಸಣ್ಣ ಬೆಂಕಿ. ಎಮ್ರಿಸ್ ಅಂದ್ರ ಸಾವಿಲ್ಲದಂವ."

"ಹೆಣ್ಮಕ್ಕಳ ಹೆಸರು ಇಲ್ಲೇನ್ರಿ ಸರ?"

"ಇದರಾಗ ಬರೇ ಗಂಡಸರವ ಅದಾವ."

ಮರುದಿನ ದೊಡ್ಡಹುಣಸೆ ಮರದ ಬುಡದಲ್ಲಿ ಆಟ. ಹತ್ತು ಮಂದಿ ಕೈ ಹಿಡಿದರೂ ತಬ್ಬಲಾಗದ ಮರ ಅದು. ನಾನು, ಈರ್ಯಾ, ಪಕ್ಕದ ಮನೆಯ ದರ್ಜಿಯ ಮಗ ರಫೀಕ. ವೀಳ್ಯದೆಲೆ ಮಡಚಿ ಕಿವಿಗೆ ಸಿಕ್ಕಿಸಿಕೊಂಡರೆ ಎಲ್ಫ್ ತಯಾರು. ಹೆಸರಿಡುವುದು ಮಾತ್ರ ನಮ್ಮ ಮನೆಯ ಪದ್ಧತಿಯಂತೆ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು, ಆಗ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು.

"ನೀ ಅತ್ತಿ ಆಗು," ಎಂದ ಈರ್ಯಾ.

"ಹಂಗಾರ ನನಗ ಹೆಸರು ಯಾರಿಡ್ತಾರ?"

"ಅತ್ತಿಗೆ ಯಾಕ ಬೇಕ ಹೆಸರು? ನೀ ಗುದ್ದಿಸ್ಕೋ, ಅಷ್ಟ!"

ರಫೀಕ ಐದನ್ ಆದ. ಆಗ ಈರ್ಯಾ ಗುದ್ದಿದ ಗುದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮುಂದೆ ಈರ್ಯಾನ ಸರದಿ. ಅವನಿಗೆ ಎಮ್ರಿಸ್ ಬೇಕಿತ್ತು. ಹಿಂದಿನ ದಿನದಿಂದ ಅದನ್ನೇ ಜಪಿಸುತ್ತಿದ್ದ. ಕೂಸಿನಂತೆ ಮಲಗಿದ್ದ ಅವನ ಮೇಲೆ ನಾನು ಬಗ್ಗಿದೆ. ಕಿವಿಯ ಹತ್ತಿರ ವೀಳ್ಯದೆಲೆಯ ಹಸಿ ಖಾರದ ವಾಸನೆ. "ಕುರ್ರ್... ಬ್ರಿನ್," ಎಂದೆ.

ಅವನು ಎದ್ದು ಕುಳಿತ. "ಅಲ್ಲಾ! ನಂದು ಎಮ್ರಿಸ್!"

"ಕಿವ್ಯಾಗ ಹೇಳಿದ್ದ ಆತು. ಇನ್ನ ಬದಲಾಗೂದಿಲ್ಲ."

ಪದ್ಧತಿಯೆಂದರೆ ಪದ್ಧತಿ ಎಂದು ರಫೀಕನೂ ತಲೆಯಾಡಿಸಿದ. ಈರ್ಯಾ ಎಲೆ ಕಿತ್ತೆಸೆದು ಅಳುತ್ತ ಮನೆಗೆ ಓಡಿದ. ಎಮ್ರಿಸ್ ಹೆಸರನ್ನು ನಾನೇ ಇಟ್ಟುಕೊಂಡೆ, ಯಾರಿಗೂ ಹೇಳದೆ. ಆ ಹೆಸರಿನಿಂದ ನನ್ನನ್ನು ಕರೆಯುವವರು ಯಾರೂ ಇರಲಿಲ್ಲ. ಆದರೂ ಅವನಿಗಿಲ್ಲದ್ದು ಒಂದಾದರೂ ನನ್ನ ಹತ್ತಿರ ಇದೆಯಲ್ಲ ಎಂದು ಆ ಬೇಸಿಗೆಯೆಲ್ಲ ಬೀಗಿದೆ.

ಅವನು ಬಹಳ ದಿನ ಬೆನ್ನು ಬಿಡಲಿಲ್ಲ. ತನ್ನ ಬೆಣ್ಣೆಯನ್ನೂ ತಂದು ನನ್ನ ರೊಟ್ಟಿಗೆ ಸವರಿದ. "ಅಕ್ಕಾ, ಇನ್ನೊಮ್ಮೆ ಕಿವ್ಯಾಗ ಹೇಳ. ಈ ಸಲ ಗುದ್ದೂದಿಲ್ಲ."

ಬೆಣ್ಣೆ ತಿಂದೆ. ಹೆಸರು ಕೊಡಲಿಲ್ಲ.

ಅಂಗಡಿ ಎಂದೋ ಮುಚ್ಚಿತು. ಪೊಟ್ಟಣಗಳು ಹೋಗಿ ಪ್ಲಾಸ್ಟಿಕ್ ಚೀಲಗಳು ಬಂದವು. ಮರ ಮಾತ್ರ ಹಾಗೇ ನಿಂತಿದೆ. ಎಲ್ಲವೂ ತನಗೇ ಮೊದಲು ಬೇಕೆನ್ನುತ್ತಿದ್ದ ಈರ್ಯಾ ಹೋಗುವುದರಲ್ಲೂ ನನ್ನನ್ನು ಹಿಂದೆ ಹಾಕಿದ. ಹೋದ ವರ್ಷ, ಎದೆನೋವೆಂದು ಮಲಗಿದವನು ಏಳಲಿಲ್ಲ.

ಮೈಗೆ ವಿಭೂತಿ ಹಚ್ಚಿ, ನಮ್ಮವರ ಪದ್ಧತಿಯಂತೆ ಅವನ ಹೆಣವನ್ನು ಅಂಗಳದಲ್ಲಿ ಕೂಡ್ರಿಸಿದ್ದರು. ನಾನು ಬಗ್ಗಿ ಅವನ ಕಿವಿಯಲ್ಲಿ "ಕುರ್ರ್... ಎಮ್ರಿಸ್" ಎಂದೆ. ಸುತ್ತ ಅಷ್ಟೊಂದು ಹೆಂಗಸರು ಕುಳಿತಿದ್ದರು. ನನ್ನ ಬೆನ್ನಿಗೆ ಒಬ್ಬರೂ ಗುದ್ದಲಿಲ್ಲ.