‘ತಡವಾಗಿ ಬಂದರು’ ಎಂಬುದನ್ನು ಹೊಡೆದುಹಾಕಿದ ಯಾಕಮ್ಮನವರು

ವೈದ್ಯಲೋಕದಲ್ಲಿ ಕ್ಯಾನ್ಸರ್ ನೋಂದಣಿಯಷ್ಟು ಎಲೆಮರೆಯ ಕೆಲಸ ಇನ್ನೊಂದಿಲ್ಲ. ಬದುಕಿಸಿದವರನ್ನು ಲೋಕ ನೆನೆಯುತ್ತದೆ. ಬದುಕದವರ ಲೆಕ್ಕ ಇಟ್ಟವರನ್ನು ಯಾರು ನೆನೆಯುತ್ತಾರೆ? ಆ ಕೆಲಸಕ್ಕೆ ಮೂವತ್ತನಾಲ್ಕು ವರ್ಷ ಸವೆಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ನೋಂದಣಾಧಿಕಾರಿಯವರಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇದೆ. ಆದರೆ ಯಾವ ರೋಗಿಯ ಕಾರ್ಡು ಕೊಟ್ಟರೂ ಕನ್ನಡಕ ಮೇಲೇರಿಸಿ ‘ಯಾಕಮ್ಮ?’ ಎನ್ನುವ ಅವರು ಇಡೀ ಆಸ್ಪತ್ರೆಗೆ ಯಾಕಮ್ಮನವರೇ. ಗಂಡಸರಾದರೆ ‘ಯಾಕಪ್ಪ?’, ದೊಡ್ಡ ಡಾಕ್ಟರಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ.

ಅಂಟಿನ ವಾಸನೆಯ ನಮ್ಮ ನೋಂದಣಿ ವಿಭಾಗದ ನೆಲಮಾಳಿಗೆಗೆ ಇಪ್ಪತ್ತೆರಡು ವರ್ಷಗಳ ಹಿಂದೆ ಗುಮಾಸ್ತೆಯಾಗಿ ಬಂದ ಹುಡುಗಿಯೊಬ್ಬಳಿಗೆ ಅವರು ಮೊದಲು ಕಲಿಸಿದ್ದು, ಗೋಡೆಯ ಮೇಲಿದ್ದ ದೇಶದೇಶಗಳ ಪಟ್ಟಿಯನ್ನು ಓದುವುದು. ಸಿರಿವಂತ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಬರುವ ಹೆಂಗಸರು ಹೆಚ್ಚು, ಬಂದವರಲ್ಲಿ ಸಾಯುವವರು ಕಡಿಮೆ. ಬಡ ದೇಶಗಳಲ್ಲಿ ಬರುವುದೇ ಕಡಿಮೆ, ಬಂದವರಲ್ಲಿ ಸಾಯುವವರು ಹೆಚ್ಚು. ಯಾಕೆಂದು ಹುಡುಗಿ ಕೇಳಿದಾಗ ಅವರಿಗೆ ಖುಷಿಯೋ ಖುಷಿ. ಆದರೆ ಅಂದಿನ ಕಾರ್ಡಿನಲ್ಲಿ ಉತ್ತರಕ್ಕೆ ಜಾಗವಿರಲಿಲ್ಲ. ಸಾವಿನ ಕಾರಣದ ಕೆಳಗೆ ಎಲ್ಲರೂ ರೂಢಿಯಂತೆ ‘ರೋಗಿ ತಡವಾಗಿ ಬಂದರು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಹುಡುಗಿಯೂ ಬರೆದಳು, ಒಂದಲ್ಲ ಎರಡಲ್ಲ, ನೂರಾರು.

ಮೂರನೆಯ ವರ್ಷ ಅದೇ ಕಾಯಿಲೆಯಲ್ಲಿ ಅವಳ ಅಮ್ಮ ತೀರಿಕೊಂಡರು. ರಜೆ ಮುಗಿಸಿ ಬಂದರೆ ಮೇಜಿನ ಮೇಲೆ ಅಮ್ಮನ ಕಾರ್ಡೂ ಇತ್ತು. ಅದನ್ನು ತೆಗೆದಿಡಲು ಮರೆತದ್ದಕ್ಕೆ ಯಾಕಮ್ಮನವರು ಇಂದಿಗೂ ಹಳಹಳಿಸುತ್ತಾರೆ. ಹುಡುಗಿ ಎಲ್ಲವನ್ನೂ ತುಂಬಿ, ಕೊನೆಯಲ್ಲಿ ಅದೇ ಮೂರು ಪದ ಬರೆದಳು. ಯಾಕಮ್ಮನವರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಯಾಕಮ್ಮ? ನಿಮ್ಮಮ್ಮ ತಡ ಮಾಡಿದ್ರಾ?”

“ಇಲ್ಲ ಅಕ್ಕ. ಗಂಟು ಕೈಗೆ ಸಿಕ್ಕಿದ ವಾರಾನೇ ತಪಾಸಣಾ ಕೇಂದ್ರಕ್ಕೆ ಹೋಗಿದ್ರು. ಅಲ್ಲಿ ಮಿಷನ್ ಕೆಟ್ಟಿತ್ತು. ಎರಡು ಬಸ್ ಹಿಡಿದು ಇನ್ನೊಂದು ಕಡೆ ಹೋದ್ರೆ ಡಾಕ್ಟರ್ ಇರ್ಲಿಲ್ಲ. ಆಮೇಲೆ ರಿಪೋರ್ಟ್ ಬರೋಕೇ ನಾಲ್ಕು ತಿಂಗಳು.”

“ಹಾಗಾದ್ರೆ ತಡವಾಗಿ ಬಂದೋರು ನಾವು. ಅದನ್ನ ಹೊಡೆದುಹಾಕು.”

ಹುಡುಗಿ ಹೊಡೆದುಹಾಕಿದಳು. ನಡೆದದ್ದನ್ನು ಬರೆಯಲು ಜಾಗ ಸಾಲದೆ ಕಾರ್ಡಿನ ಹಿಂಬದಿಯಲ್ಲಿ ಬರೆದಳು, ಬರೆಯುತ್ತ ಅತ್ತಳು. ಅಂದಿನಿಂದ ಎಲ್ಲ ಕಾರ್ಡುಗಳ ಹಿಂಬದಿಯೂ ತುಂಬತೊಡಗಿತು. ಮೇಲಿನವರು ರೇಗಿದರು, ಯಾಕಮ್ಮನವರು ಹಿಡಿದ ಹಟ ಬಿಡಲಿಲ್ಲ. ಐದು ವರ್ಷಗಳ ಕಾರ್ಡುಗಳನ್ನು ಮಗುಚಿ ಸಭೆಯ ಮೇಜಿನ ತುಂಬ ಹರಡಿದ ದಿನ ಆ ಮೇಲಿನವರೇ ಒಂದೊಂದನ್ನೂ ಎತ್ತಿ ಓದಿದರು. ಹೊಸ ಕಾರ್ಡಿನಲ್ಲಿ ‘ಯಾಕೆ ತಡ?’ ಎಂಬ ಸಾಲು ಬಂತು. ಆಮೇಲೆ, ಆಮೆಯ ನಡಿಗೆಯಲ್ಲಾದರೂ, ದೂರದ ಊರುಗಳಿಗೆ ತಪಾಸಣೆಯ ಮಿಷನ್ನುಗಳೂ ಅವನ್ನು ರಿಪೇರಿ ಮಾಡುವವರೂ ಬಂದರು.

ಈಗ ತಲೆ ನರೆತಿರುವ ಆ ಹುಡುಗಿಯೇ ಈ ಲೇಖನ ಬರೆಯುತ್ತಿದ್ದಾಳೆ. ಅಮ್ಮ ಮೊದಲು ಹೋಗಿದ್ದ ಕೇಂದ್ರದಿಂದ ಕಳೆದ ವಾರ ಒಂದು ಕಾರ್ಡು ಬಂತು. ಅಮ್ಮನದೇ ವಯಸ್ಸಿನ ಹೆಂಗಸು. ಚಿಕಿತ್ಸೆ ಮುಗಿದು ಐದು ವರ್ಷ, ಆರೋಗ್ಯವಾಗಿದ್ದಾರೆ. ‘ಯಾಕೆ ತಡ?’ ಎಂಬುದರ ಮುಂದೆ ಏನೂ ಬರೆದಿರಲಿಲ್ಲ. ಯಾಕಮ್ಮನವರು ಕನ್ನಡಕ ಮೇಲೇರಿಸಿ ಆ ಖಾಲಿ ಸಾಲನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಯಾಕೆಂದು ಕೇಳಲಿಲ್ಲ.

ಅಂಥ ಖಾಲಿ ಸಾಲುಗಳನ್ನು ನೋಡುತ್ತ ಅವರು ನೂರು ಕಾಲ ಬಾಳಲಿ. ಮನೆಯಲ್ಲಿ ಸುಮ್ಮನೆ ಕೂರುವ ಜೀವವಂತೂ ಅವರದಲ್ಲ. ಸೋಮವಾರವೇ ಬಂದರೂ ಕೂರಲು ಆ ಸ್ಟೂಲು ಅಲ್ಲೇ ಇರುತ್ತದೆ.