ಅತ್ತೆಗಾಗಿ ಮಾಡಿದ ಟ್ಯಾಂಕು

ನನ್ನ ಗಂಡ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದರು. ನಮ್ಮ ಅತ್ತೆಗೆ ಆ ಶಬ್ದ ಗೊತ್ತಿತ್ತು, ಅರ್ಥ ಮಾತ್ರ ಬೇರೆ ಇತ್ತು. ನಮ್ಮ ಸಿಂದಗಿಯಲ್ಲಿ ಟಾಕಿ ಎಂದರೆ ನೀರಿನ ಟಾಕಿ. ಮಗ ದೊಡ್ಡದೊಂದು ಟಾಕಿಯನ್ನು ಲಾರಿಗೆ ಹೇರಿಕೊಂಡು ಹೋಗಿ ಸೈನಿಕರಿಗೆ ನೀರು ಹಂಚುತ್ತಾನೆ ಎಂದೇ ಅವರು ನಂಬಿದ್ದರು. ದೇವರ ಹಿಪ್ಪರಗಿಯ ಸಂತೆಯಲ್ಲಿ ಪರಿಚಯದವರು ಸಿಕ್ಕರೆ, “ನೀರು ಕುಡಸೋದು ಪುಣ್ಯೇದ ಕೆಲಸ ನೋಡ್ರಿ,” ಎಂದು ಹೇಳಿಕೊಳ್ಳುತ್ತಿದ್ದರು.

ನಾನು ಹೊಸದಾಗಿ ಮದುವೆಯಾಗಿ ಬಂದವಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಅತ್ತೆಯ ಮಾತನ್ನು ತಿದ್ದಲು ಧೈರ್ಯವೂ ಇರಲಿಲ್ಲ, ಮನಸ್ಸೂ ಬರಲಿಲ್ಲ. ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ರೇಡಿಯೊ ಸುದ್ದಿ ಕೇಳಿ ನನಗೆ ಊಟ ಸೇರುತ್ತಿರಲಿಲ್ಲ. ಅತ್ತೆ ಮಾತ್ರ ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಿದ್ದರು. ನೀರು ಕೊಡುವವನಿಗೆ ಯಾರು ಗುಂಡು ಹೊಡೆಯುತ್ತಾರೆ ಎಂಬುದು ಅವರ ಲೆಕ್ಕ.

ಮರುವರ್ಷ ಬೇಸಿಗೆಯಲ್ಲಿ ನನ್ನ ಗಂಡನಿಗೆ ರಜೆ ಸಿಕ್ಕಿತು. ಬಂದ ದಿನವೇ ಊಟಕ್ಕೆ ಕೂತಾಗ ಅತ್ತೆ ಕೇಳಿದರು: “ಅಲ್ಲೆ ನೀರಿಗೆ ಭಾಳ ತ್ರಾಸ ಆತೇನಪಾ?”

ಅವರು ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ.

ನೀರಲ್ಲವ್ವ, ಅದು ಯುದ್ಧದ ಗಾಡಿ ಎಂದು ಅವರು ಕೈಯಾಡಿಸಿ ವಿವರಿಸಿದರು. ಮೈಯೆಲ್ಲ ಕಬ್ಬಿಣ, ಮೇಲೆ ತೋಪು, ಗಾಲಿಯ ಸುತ್ತ ಸರಪಳಿಯಂಥ ಪಟ್ಟಿ.

“ಗಾಲಿಗೆ ಸರಪಳಿ ಕಟ್ಟಿದರ ಗಾಡಿ ಹೆಂಗ ಓಡ್ತೈತೋ?” ಎಂದರು ಅತ್ತೆ.

“ತಡಿ ಯವ್ವಾ, ಮಾಡೇ ತೋರಸ್ತೇನಿ.”

ಮರುದಿನದಿಂದ ನಮ್ಮ ಪಡಸಾಲೆ ಕಾರ್ಖಾನೆಯಾಯಿತು. ನಿಜವಾದ ಟ್ಯಾಂಕಿನ ಒಂದು ಅಡಿಗೆ ನಮ್ಮದರಲ್ಲಿ ಅರ್ಧ ಇಂಚು ಎಂದು ಅವರು ಅಳತೆ ಹಿಡಿದರು. ನನ್ನ ಶಾಲೆಯ ಅಳತೆಪಟ್ಟಿಯಿಂದ ಗೆರೆ ಎಳೆದು, ಹಳೆಯ ಪೆಟ್ಟಿಗೆಯ ಹಲಗೆ ಕೊಯ್ದು ಒಡಲು ಮಾಡಿದರು. ದಾರ ಮುಗಿದ ಕಟ್ಟಿಗೆಯ ರೀಲುಗಳು ಗಾಲಿಗಳಾದವು. ಮುರಿದ ಛತ್ರಿಯ ಕೋಲು ತೋಪಿನ ನಳಿಗೆಯಾಯಿತು. ಅದರ ಹಿಂದಿನ ತಿರುಗುವ ಗೋಪುರಕ್ಕೆ ಸರಿಯಾದ ತಗಡು ಸಿಗದೆ, ಪಕ್ಕದ ಮನೆಯ ಚಾಚಾನನ್ನು ಕರೆದರು. ಲಾಟೀನು, ಡಬ್ಬಿಗಳಿಗೆ ಬೆಸುಗೆ ಹಾಕುವುದು ಚಾಚಾನ ಉದ್ಯೋಗ. ತೀರಿಕೊಂಡ ನಮ್ಮ ಮಾವನವರ ಗೆಳೆಯ, ಅತ್ತೆಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಗೋಪುರ ಮಾಡಿಕೊಟ್ಟು ಹೋಗುವ ಬದಲು ಅಲ್ಲೇ ಕೂತುಬಿಟ್ಟ. ಸೈಕಲ್ ಟ್ಯೂಬಿನ ಪಟ್ಟಿಗೆ ತಗಡಿನ ಚೂರು ಒಂದೊಂದಾಗಿ ಮಡಿಸಿ ಹಾಕಿದವನು ಅವನೇ. ಪಟ್ಟಿ ಗಾಲಿಗಳ ಮೇಲೆ ಸುತ್ತಿ ತಿರುಗಿದಾಗ ಅತ್ತೆ ಅಡುಗೆಮನೆಯಿಂದ ಬಂದು ನೋಡಿ, “ಓಡ್ತೈತಿ ಬಿಡು,” ಎಂದು ಒಪ್ಪಿಕೊಂಡರು.

ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣ ಹಚ್ಚಿದೆವು. ಫಳಫಳ ಹೊಳೆಯಿತು. ನಮಗೆಲ್ಲ ಭಾರಿ ಖುಷಿ. ಅತ್ತೆ ಮಾತ್ರ ಮೂಗು ಮುರಿದರು.

“ಇದೇನು, ಬೀಗರ ಮನಿಗೆ ಹೊಂಟಂಗ ಐತಲ್ಲ. ದುಡಿಯೋ ಗಾಡಿ ಹಿಂಗ ಇರ್ತೈತೇನು?”

ನನ್ನ ಗಂಡ ನಕ್ಕರು. “ಖರೇನ ಅಂದಿ ಯವ್ವಾ. ಒಂದ ವಾರದಾಗ ಅದರ ಬಣ್ಣ ಯಾವುದಂತ ನಮಗ ತಿಳೀತಿರಲಿಲ್ಲ.”

ಹೀಗೆ ಹೊಸ ಟ್ಯಾಂಕನ್ನು ಹಳೆಯದು ಮಾಡುವ ಕೆಲಸ ಶುರುವಾಯಿತು. ಹೊಲದ ಎರೆಮಣ್ಣು ಕಲಸಿ ಬಳಿದೆ. ರಾತ್ರಿ ಒಣಗಿ, ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಉದುರಿತು. ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಜಾಲಿಯ ಅಂಟನ್ನು ನೀರಲ್ಲಿ ಕರಗಿಸಿ, ಬೂದಿ ಮತ್ತು ಸೋಸಿದ ಮಣ್ಣು ಸೇರಿಸಿ ತೆಳ್ಳಗೆ ಹಚ್ಚಿದೆ. ಅದು ನಿಂತಿತು. ಮೂಲೆಗೆ ಬಿದ್ದಿದ್ದ ಕಬ್ಬಿಣದ ಬುಟ್ಟಿಯ ತುಕ್ಕು ಕೆರೆದು ಮೊಳೆಗಳ ಸುತ್ತ ಒರೆಸಿದೆವು. ಹೊಗೆ ಬರುವ ಕಡೆಗೆ ಕಂದೀಲಿನ ಗಾಜಿನ ಮಸಿ.

“ನೀ ಹತ್ತೋದು ಎಲ್ಲಿಂದ?” ಅತ್ತೆ ಮಗನನ್ನು ಕೇಳಿದರು.

“ಮೊದಲ ಇಲ್ಲೆ ಕಾಲಿಡ್ತೇವಿ, ಆಮ್ಯಾಲೆ ಇಲ್ಲೆ.”

“ಹಂಗಾದ್ರ ಅಲ್ಲೆ ಬಣ್ಣ ಹೋಗಿರಬೇಕಲ್ಲ.” ಇಟ್ಟಂಗಿಯ ಚೂರು ತೆಗೆದುಕೊಂಡು ಅತ್ತೆಯೇ ಗೋಪುರದ ಆ ಅಂಚನ್ನು ತಿಕ್ಕಿದರು. ತಗಡು ಬೆಳ್ಳಗೆ ಕಂಡಿತು. ಆಮೇಲೆ ಕೇಳಿದರು: “ಕಿಟಕಿ ಎಲ್ಲೈತಿ?”

ನನ್ನ ಗಂಡ ಮುಂಭಾಗದಲ್ಲಿ ಕೊರೆದಿದ್ದ ಸಣ್ಣ ಸೀಳನ್ನು ತೋರಿಸಿದರು. ಅತ್ತೆ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದರು. ಎದ್ದು ಆ ಸೀಳಿನ ಮೇಲೆ ಬೆರಳಾಡಿಸಿದರು. ಚಾಚಾ ಕತ್ತರಿ ಎತ್ತಿಟ್ಟ. ಮಗ ಎಲ್ಲಿ ಕೂತು ಯುದ್ಧ ಮುಗಿಸಿ ಬಂದನೆಂಬುದು ಅವರಿಗೆ ಆಗ ತಿಳಿಯಿತು.

“ಒಳಗ ಸೆಕಿ ಆಗ್ತೈತೇನೋ?”

“ಆಗ್ತೈತಿ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬಿಡ್ತಿದ್ದಿ ಏನು?”

ಅತ್ತೆ ಒಳಗೆ ಹೋದರು. ನಾನು ಹಿಂದೆ ಹೋದೆ. ಒಲೆಯ ಮುಂದೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹಿಟ್ಟು ನಾದುವ ದೊಡ್ಡ ಪರಾತ ಇಳಿಸಿ ನನ್ನ ಕೈಗಿತ್ತು, “ಹೋಗಿ ಇದರಾಗ ಮಣ್ಣು ತುಂಬು. ಗಾಡಿ ನಿಂದ್ರಾಕ ಜಾಗಾ ಬೇಕಲ್ಲ,” ಎಂದರು.

ಪರಾತದೊಳಗಿನ ಆ ಜಾಗವನ್ನು ಪೂರ್ತಿ ಅವರೇ ಮಾಡಿದರು. ಮಗ ಹೇಳಿದ್ದು ಗುಂಡಿಬಿದ್ದ ನೆಲ, ಒಡೆದ ಗೋಡೆ, ಎದುರಿಗೆ ವೈರಿಯ ಟ್ಯಾಂಕು. ಅತ್ತೆ ಗೋಡೆಗೆ ಮಾತ್ರ ಒಪ್ಪಿದರು. ವೈರಿಯ ಟ್ಯಾಂಕು ಬೇಡವೆಂದರು, “ಅವನ ಅವ್ವ ಬೇಕಾದ್ರ ಮಾಡ್ಕೋತಾಳ.” ಬೇವಿನ ಟೊಂಗೆ ನೆಟ್ಟು ಮರ ಮಾಡಿದರು. ಕಸಬರಿಗೆಯ ಕಡ್ಡಿಗಳಿಂದ ಬೆಳೆದು ನಿಂತ ಜೋಳ. ಮರದ ಕೆಳಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಚಾಚಾ ಮಾಡಿಕೊಟ್ಟ ಉಗುರಿನಷ್ಟು ಚಹಾದ ಪಾತ್ರೆ. ಜೇಡಿಮಣ್ಣಿನಿಂದ ನಡುಬೆರಳಷ್ಟು ಎತ್ತರದ ಸೈನಿಕರನ್ನು ನಾನು ಮಾಡಿದೆ. ಒಬ್ಬನನ್ನು ಅತ್ತೆ ಮರದ ಬುಡಕ್ಕೆ ಒರಗಿಸಿ ಮಲಗಿಸಿದರು. ಕೊನೆಗೆ ಚಿಂದಿಯ ತುಂಡು ಹರಿದು ತೋಪಿನ ನಳಿಗೆಯ ಮೇಲೆ ಹಾಕಿದರು.

“ಇದೇನ್ರಿ ಅತ್ತಿ?”

“ಒಗದ ಬನೀನು. ಒಣಗಬೇಕಲ್ಲ?”

ನನ್ನ ಗಂಡ ಗಂಭೀರವಾಗಿ, “ನಾವು ಹಂಗೇ ಒಣಗಸ್ತಿದ್ದಿವಿ,” ಎಂದರು. ಅತ್ತೆ ಹಿಗ್ಗಿಹೋದರು.

ಸುದ್ದಿ ಓಣಿ ದಾಟಿತು. ಚಾಚಾ ತನ್ನ ಗಿರಾಕಿಗಳನ್ನೆಲ್ಲ ಕರೆತಂದ. ಮೋರಟಗಿಯಿಂದ ಬಂದ ರೈತರೊಬ್ಬರು ಸುತ್ತ ತಿರುಗಿ ನೋಡಿ, ಇದಕ್ಕೆ ಹೊಲ ಉಳುವ ರಂಟೆ ಕಟ್ಟಬಹುದೇ ಎಂದು ಕೇಳಿದರು. ವಿವರಣೆ ಕೊಡುವ ಅಧಿಕಾರ ಅತ್ತೆಯದೇ. ಮಗ ಬಾಯಿ ತೆರೆದರೆ, “ನೀ ಸುಮ್ಮಕಿರು, ನಾ ಹೇಳ್ತೇನಿ,” ಎನ್ನುತ್ತಿದ್ದರು. ಹತ್ತುವುದು ಎಲ್ಲಿಂದ, ಹೊಗೆ ಎಲ್ಲಿಂದ, ಒಳಗೆ ಎಷ್ಟು ಸೆಕೆ, ಎಲ್ಲ ಹೇಳುವರು.

ರಜೆ ಮುಗಿದು ನನ್ನ ಗಂಡ ಹೋದರು. ಈ ಸಲ ಅತ್ತೆ, ನಾನು ಇಬ್ಬರೂ ಕೂಡಿಯೇ ಚಿಂತೆ ಮಾಡಿದೆವು. ಹಾಗಾಗಿ ನನಗೆ ಅದು ಹಗುರವೆನಿಸಿತು. ಮರುವರ್ಷ ನನಗೆ ಬಸವನ ಬಾಗೇವಾಡಿಗೆ ವರ್ಗವಾದಾಗ ಟ್ಯಾಂಕಿನ ಸಮೇತ ಪರಾತವನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಹೋದೆ. ಅರ್ಧ ಜೋಳ ದಾರಿಯಲ್ಲೇ ಮುರಿಯಿತು. ಶಾಲೆಯ ಹುಡುಗಿಯರು ಮತ್ತೆ ನೆಟ್ಟರು.

ಸೈನ್ಯದ ನೌಕರಿ ಮುಗಿಸಿ ಬಂದ ಮೇಲೆ ನನ್ನ ಗಂಡ ಬಸ್ ಡ್ರೈವರ್ ಆದರು. ಇಂಡಿಗೆ ಬಸ್ಸು ಓಡಿಸುವ ಮೊದಲ ದಿನ ಅತ್ತೆ ಬುತ್ತಿ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಇಂಡಿಯಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಗನ ಜೊತೆ ರೊಟ್ಟಿ ತಿಂದು, ಅದೇ ಬಸ್ಸಿನಲ್ಲಿ ತಿರುಗಿ ಬಂದರು. ಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದರಂತೆ.